ಸಾಬೂನಿನ ಇಬ್ಬರು ವೈರಿಗಳು



ಕನ್ನಡ ಪಾಠ ಹೇಳಿ ನಿವೃತ್ತನಾದವನು ಭೂಗರ್ಭದ ಎಣ್ಣೆಯ ಮಾತೆತ್ತಿದರೆ ನಿಮಗೆ ನಗು ಬಂದೀತು. ಆದರೆ ಆ ವಿದ್ಯೆಯ ಮೊದಲ ಪಾಠ ನಮ್ಮ ಅಫಜಲಪುರ ಸೀಮೆಯಲ್ಲಿ, ಭೀಮೆಯ ದಂಡೆಯ ಒಗೆಯುವ ಕಲ್ಲಿನ ಮೇಲೆಯೇ ಇದೆ.

ಜಿಡ್ಡು ಮೆತ್ತಿದ ಬಟ್ಟೆಯನ್ನು ಬರಿಯ ನೀರಿನಲ್ಲಿ ಎಷ್ಟು ಕುಕ್ಕಿದರೂ ಜಿಡ್ಡು ಬಿಡದು. ಅಂಟುವಾಳದ ನೊರೆ ತಾಗಿದರೆ ಬಿಡುತ್ತದೆ. ಸಾಬೂನಿನ ಅಣುವಿಗೆ ನೀರಿಗೊಲಿಯುವ ತಲೆ, ಎಣ್ಣೆಗೊಲಿಯುವ ಬಾಲ. ಎರಡರ ಎಲ್ಲೆಯಲ್ಲಿ ನಿಂತು ಅದು ಅವುಗಳ ಬಿಗುವನ್ನು ಸಡಿಲಿಸುತ್ತದೆ. ಇಂಥ ಪದಾರ್ಥವೇ ಸರ್ಫ್ಯಾಕ್ಟೆಂಟ್.

ಭೂಮಿಯೊಳಗಿನ ಎಣ್ಣೆ ಕೆರೆಯಂತೆ ನಿಂತಿಲ್ಲ. ಕಲ್ಲಿನ ರಂಧ್ರಗಳಲ್ಲಿ ಸಿಲುಕಿದೆ. ಒಂದು ಬಾವಿಯಿಂದ ನೀರು ನೂಕಿ ಮತ್ತೊಂದರಿಂದ ಎಣ್ಣೆ ತೆಗೆದರೂ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಒಳಗೇ ಉಳಿಯುತ್ತದೆ. ಕಾಕಂಬಿಯಂತಹ ಭಾರವಾದ ಎಣ್ಣೆಯನ್ನಂತೂ ನೀರು ತಳ್ಳುವುದೇ ಇಲ್ಲ, ನಡುವೆ ನುಸುಳಿ ಓಡುತ್ತದೆ. ಆದುದರಿಂದ ನೀರನ್ನು ಮಂದಮಾಡಲು ಪಾಲಿಮರ್, ಬಿಗುವು ಕಳೆಯಲು ಸರ್ಫ್ಯಾಕ್ಟೆಂಟ್, ಜೊತೆಗೆ ಕ್ಷಾರವನ್ನು ಕೂಡಿಸುತ್ತಾರೆ. ಬಿಗುವು ಸಾವಿರ ಪಟ್ಟಿಗೂ ಮಿಗಿಲಾಗಿ ಇಳಿದಾಗ ಸಿಲುಕಿದ ಹನಿ ಜಾರಿ ಹೊರಡುತ್ತದೆ. ಗುಜರಾತಿನ ವಿರಾಜ್ ಕ್ಷೇತ್ರದಲ್ಲಿ ಓಎನ್‌ಜಿಸಿ 2002ರಲ್ಲಿ ಈ ಪ್ರಯೋಗಕ್ಕೆ ಕೈಹಾಕಿತು.

ಆದರೆ ಸಾಬೂನಿಗೆ ಇಬ್ಬರು ವೈರಿಗಳು. ಮೊದಲನೆಯದು ಗಡಸು ನೀರು. ಅದರ ಸುಣ್ಣದ ಅಂಶ ಸಾಬೂನನ್ನು ನೊರೆಯಾಗಗೊಡದೆ ಮೊಸರಿನಂತೆ ಒಡೆಯುತ್ತದೆ. ಎರಡನೆಯದು ಜೇಡಿ, ನಮ್ಮ ಎರೆಮಣ್ಣಿನ ನಂಟ. ಕಲ್ಲಿನಲ್ಲಿ ಜೇಡಿಯಿದ್ದರೆ ಬೆಲೆಬಾಳುವ ಸರ್ಫ್ಯಾಕ್ಟೆಂಟ್ ಎಣ್ಣೆಯನ್ನು ಮುಟ್ಟುವ ಮೊದಲೇ ಅದಕ್ಕಂಟಿ ವ್ಯರ್ಥವಾಗುತ್ತದೆ. ಇದಕ್ಕೆ ಮದ್ದು ಕ್ಷಾರ. ಅದು ಜೇಡಿಯ ಅಂಟನ್ನು ತಗ್ಗಿಸುತ್ತದೆ. ಭಾರದ ಎಣ್ಣೆಯಲ್ಲಿ ಆಮ್ಲವಿದ್ದರೆ ಅದರೊಡನೆ ಕೂಡಿ ಅಲ್ಲಿಯೇ ಸಾಬೂನಾಗುತ್ತದೆ. ನಮ್ಮ ಮಡಿವಾಳರು ಸವಳುಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದುದು ಇದೇ ಕ್ಷಾರದ ಬಲದಿಂದ.

ಇಲ್ಲೊಂದು ಎಚ್ಚರವೂ ಬೇಕು. ಮೇಲೆ ಬಂದ ಎಣ್ಣೆ ನೀರಿನೊಡನೆ ಮಜ್ಜಿಗೆಯಂತೆ ಬೆರೆತಿರುತ್ತದೆ. ಅದನ್ನು ಬೇರ್ಪಡಿಸುವುದು ಸುಲಭವಲ್ಲ. ಉಳಿದ ನೀರನ್ನು ಶುಚಿಮಾಡದೆ ಹಳ್ಳಕ್ಕೆ ಬಿಡುವಂತಿಲ್ಲ.

ಜರ್ಮನಿಯ ಆಗ್ನೆಸ್ ಪೋಕೆಲ್ಸ್ ಎಂಬ ಮಹಿಳೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಾಗದೆ, ಅಡಿಗೆಮನೆಯಲ್ಲಿಯೇ ನೀರಿನ ಮೇಲ್ಮೈಯ ಬಿಗುವನ್ನು ಅಳೆದಳು. ಆಕೆಯ ಪತ್ರವನ್ನು ಲಾರ್ಡ್ ರೇಲಿ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಆ ವಿಜ್ಞಾನದ ಒಂದು ಬೇರು ಅಲ್ಲಿದೆ.

ಭಾರತವು ತನಗೆ ಬೇಕಾದ ಕಚ್ಚಾ ತೈಲದಲ್ಲಿ 80 ಪ್ರತಿಶತಕ್ಕೂ ಹೆಚ್ಚನ್ನು ಹೊರಗಿನಿಂದ ತರುತ್ತಿದೆ. ಹೀಗಿರುವಾಗ, ನಮ್ಮ ಬಾವಿಯ ನೀರಿನಲ್ಲಿ ಸಾಬೂನು ಏಕೆ ನೊರೆ ಬಿಡದೆಂದು ಹಳ್ಳಿಯ ಹುಡುಗಿಯೊಬ್ಬಳು ಕೇಳಿದರೆ, ಅವಳನ್ನು ಗದರಿಸಬೇಡಿ. ಅವಳು ಕೇಳುತ್ತಿರುವುದು ದೇಶದ ಪ್ರಶ್ನೆ.