ಶ್ವೇತಕೇತುವಿನ ಬುದ್ಧಿವಾದ



ಪ್ರಾಯಕ್ಕೆ ಬಂದ ಮಗನ ಮನಸ್ಸು ಒಬ್ಬ ಕನ್ಯೆಯಲ್ಲಿ ನೆಟ್ಟಿತೆಂದು ತಿಳಿದಾಗ ತಂದೆಯಾದವನು ಏನು ಹೇಳತಕ್ಕದ್ದು? ಗದರಿಸಬೇಕೋ, ಕಂಡೂ ಕಾಣದಂತಿರಬೇಕೋ? ಎಲ್ಲೂರಿನ ವಿಶ್ವೇಶ್ವರನಿಗೆ ಮಗುವಿನ ಆಯುಷ್ಯಕ್ಕಾಗಿ ಸೀಯಾಳದ ಅಭಿಷೇಕವನ್ನು ಹರಸಿಕೊಂಡ ತಂದೆಯೇ, ಇಪ್ಪತ್ತು ವರ್ಷಗಳ ಮೇಲೆ ಅದೇ ಮಗನ ಮುಂದೆ ಮಾತು ತೋಚದೆ ಜಗಲಿಯಲ್ಲಿ ಕುಳಿತಿರುವುದುಂಟು.

ಪಾಠಶಾಲೆಗಳಲ್ಲಿ ಈ ಪ್ರಸಂಗಕ್ಕೆ ಕಾದಂಬರಿಯ ಶುಕನಾಸೋಪದೇಶವನ್ನು ತೋರಿಸುವ ವಾಡಿಕೆಯಿದೆ. ಆದರೆ ಅದು ಪಟ್ಟಾಭಿಷೇಕಕ್ಕೆ ಮುನ್ನ ಮಂತ್ರಿಯು ರಾಜಕುಮಾರನಿಗೆ ಹೇಳಿದ್ದು. ಯೌವನಮದವನ್ನೂ ಐಶ್ವರ್ಯಮದವನ್ನೂ ಕುರಿತದ್ದು. ಚಂದ್ರಾಪೀಡನು ಅದನ್ನೆಲ್ಲ ವಿನಯದಿಂದ ಕೇಳಿದನು. ಕೇಳಿಯೂ ಕಾದಂಬರಿಯನ್ನು ಕಂಡೊಡನೆ ಮನಸೋತನು. ತಂದೆಯ ಮಾತೆಂಬುದು ಅದೇ ಕಥೆಯಲ್ಲಿ ಬೇರೊಂದೆಡೆ ಇದೆ. ಕ್ರಿ. ಶ. ಹತ್ತನೆಯ ಶತಮಾನದ ಸುಮಾರಿಗೆ ನಾಗವರ್ಮನು ಕನ್ನಡಕ್ಕೆ ತಂದ ಆ ಕಥೆಯು ಬಲ್ಲವರಿಗೆ ಹೊಸತಲ್ಲ. ಆದರೂ ಸ್ವಲ್ಪ ನೆನೆಯೋಣ.

ಶ್ವೇತಕೇತು ಮಹರ್ಷಿಯ ಮಗ ಪುಂಡರೀಕ. ಅಚ್ಛೋದ ಸರಸ್ಸಿನ ತೀರದಲ್ಲಿ ಮಹಾಶ್ವೇತೆಯನ್ನು ಕಂಡು ಈ ಬ್ರಹ್ಮಚಾರಿಯು ಕೈಯ ಜಪಮಾಲೆಯ ಪರಿವೆಯನ್ನೂ ಮರೆತನು. ಗೆಳೆಯನಾದ ಕಪಿಂಜಲನು ಕಟುವಾಗಿ ಹೇಳಿ ನೋಡಿದನು. ಫಲವಿಲ್ಲದೆ ತಾನೇ ಆ ಕನ್ಯೆಯ ಬಳಿಗೆ ಹೋಗಿ ಪ್ರಾಣಭಿಕ್ಷೆ ಬೇಡಿದನು. ಅವಳು ಬರುವಷ್ಟರಲ್ಲಿ ಪುಂಡರೀಕನ ಉಸಿರು ನಿಂತಿತ್ತು. ಮರುಜನ್ಮದಲ್ಲಿ ಅವನು ಶುಕನಾಸನ ಮಗ ವೈಶಂಪಾಯನನಾಗಿ, ಅವಳನ್ನೇ ಕಂಡು ಕಾರಣವರಿಯದೆ ಕಾಡಿ, ಅವಳ ಶಾಪದಿಂದಲೇ ಗಿಳಿಯಾದನು.

ಜಾಬಾಲಿಯ ಆಶ್ರಮದಲ್ಲಿದ್ದ ಆ ಗಿಳಿಮರಿಗೆ ಕಪಿಂಜಲನ ಮುಖಾಂತರ ತಂದೆಯ ಸಂದೇಶವು ಬಂದಿತು. ನಿನ್ನ ಶ್ರೇಯಸ್ಸಿಗಾಗಿ ಒಂದು ಕರ್ಮವನ್ನು ಆರಂಭಿಸಿದ್ದೇನೆ, ಅದು ಮುಗಿಯುವ ತನಕ ಮುನಿಯ ಪಾದದಲ್ಲಿಯೇ ಇರು ಎಂಬುದಷ್ಟೇ ಅದರ ಭಾವ. ಅವಳನ್ನು ಮರೆ ಎಂಬ ಮಾತು ಅದರಲ್ಲಿಲ್ಲ. ಮೇಲಾಗಿ, ಮಗನಿಗೆ ಆಯುಷ್ಯ ಕಡಿಮೆಯೆಂದು ಅರಿತೂ ಹುಟ್ಟಿದಾಗಲೇ ಆಯುಷ್ಕರ್ಮವನ್ನು ಮಾಡದಿದ್ದುದು ತನ್ನದೇ ದೋಷವೆಂದು ಆ ಮುನಿಯು ಕಪಿಂಜಲನೊಡನೆ ಒಪ್ಪಿಕೊಂಡನು. ಮಗನು ಮಾಡಿದ ತಪ್ಪಿಗೆ ಮೊದಲು ತನ್ನ ಕಡೆಯನ್ನು ಹುಡುಕಿಕೊಂಡ ತಂದೆಯರು ಎಷ್ಟು ಮಂದಿ? ಇವನಿಗೆ ರೂಪದ ಬಲವೂ ತಿಳಿಯದುದಲ್ಲ. ಇವನ ಚೆಲುವನ್ನು ಕಂಡೇ ಲಕ್ಷ್ಮಿಯು ಮನಸೋತು, ಕುಳಿತ ತಾವರೆಯಲ್ಲಿಯೇ ಪುಂಡರೀಕನನ್ನು ಪಡೆದಳೆಂದು ಕಥೆ.

ಇನ್ನೊಂದು ಮಾತು. ಬಾಣನು ಕಾವ್ಯವನ್ನು ಮುಗಿಸದೆಯೇ ಕಾಲವಶನಾದನು. ಉಳಿದುದನ್ನು ಬರೆದವನು ಅವನ ಮಗ. ಶ್ವೇತಕೇತುವಿನ ಸಂದೇಶವು ಬರುವುದು ಆ ಉತ್ತರಭಾಗದಲ್ಲಿಯೇ. ದೋಷ ನನ್ನದೆಂಬ ತಂದೆಯ ನುಡಿಯನ್ನು ತಂದೆಯಿಲ್ಲದ ಮಗನೊಬ್ಬನು ಬರೆದನು.

ಗಿಳಿಯಾದರೋ ಕೇಳಲಿಲ್ಲ. ರೆಕ್ಕೆ ಬಲಿತೊಡನೆ ಮಹಾಶ್ವೇತೆಯಿದ್ದ ಉತ್ತರದಿಕ್ಕಿಗೆ ಹಾರಿತು. ದಣಿದು ಮರದ ಮೇಲೆ ನಿದ್ರಿಸುತ್ತಿರಲು ಬೇಡನ ಬಲೆಗೆ ಬಿದ್ದಿತು. ಚಂಡಾಲಕನ್ಯೆಯೊಬ್ಬಳು ಅದನ್ನು ಚಿನ್ನದ ಪಂಜರದಲ್ಲಿಟ್ಟಳು. ಅವಳು ಬೇರೆ ಯಾರೂ ಅಲ್ಲ, ತಾಯಿಯಾದ ಲಕ್ಷ್ಮಿಯೇ. ಕರ್ಮವು ಮುಗಿಯುವವರೆಗೆ ಮಗನನ್ನು ತಡೆದಿರಿಸೆಂದು ಶ್ವೇತಕೇತುವೇ ಅವಳನ್ನು ಕಳುಹಿಸಿದ್ದನು. ಮನೆಗಳಲ್ಲಿಯೂ ಹೀಗೆಯೇ: ತಂದೆಯ ಮಾತು ಸೋತಲ್ಲಿ ತಾಯಿಯೇ ಬಾಗಿಲಿಗೆ ಅಡ್ಡ ನಿಲ್ಲುವಳು, ಮಗನ ಕಣ್ಣಿಗೆ ಕಟುಕಳಾಗಿ ತೋರುವಳು.

ಎಲ್ಲ ಪ್ರೇಮವೂ ಹೀಗೆ ಕೂಡಿಬರುವುದಿಲ್ಲವೆಂಬುದನ್ನು ಶರಣಸಮೂಹಕ್ಕೆ ಬೇರೆ ಹೇಳಬೇಕಾಗಿಲ್ಲ. ಹರಿಹರನ ರಗಳೆಯಲ್ಲಿ ಅಲ್ಲಮನು ಕಮಲತೆಯನ್ನು ಜ್ವರಕ್ಕೆ ಕಳೆದುಕೊಂಡು ಮರುಳನಂತೆ ಅಲೆದನು. ಆ ಅಲೆದಾಟದಲ್ಲಿ ದೊರೆತವನು ಅನಿಮಿಷ ಗುರು. ಅಲ್ಲಿ ಬುದ್ಧಿ ಹೇಳಲು ತಂದೆಯು ಎದುರಿರಲಿಲ್ಲ. ದುಃಖವೇ ದಾರಿ ತೋರಿಸಿತು.

ಪುಂಡರೀಕನ ಪಾಲಿಗೆ ಕರ್ಮವು ಮುಗಿಯಿತು, ಶಾಪವು ಕಳೆಯಿತು. ಮೊದಲಿನ ದೇಹದಿಂದಲೇ ಆಕಾಶದಿಂದಿಳಿದು ಮಹಾಶ್ವೇತೆಯ ಬಳಿಗೆ ಬಂದನು. ಆಗಲೂ ಶ್ವೇತಕೇತುವು ಮಗನನ್ನು ತನ್ನವನೆಂದು ಕರೆಯಿಸಿಕೊಳ್ಳಲಿಲ್ಲ. ಶುಕನಾಸನಿಗೆ ಹೇಳಿಕಳುಹಿಸಿದನು: ನಾನು ಇವನನ್ನು ಬೆಳೆಸಿದವನು ಮಾತ್ರ, ಇವನು ನಿನ್ನ ಮಗ, ಪರರವನೆಂದು ಉಪೇಕ್ಷಿಸದೆ ತಪ್ಪುದಾರಿಯಿಂದ ಕಾಪಾಡು ಎಂದು.