ಗೀರಿದ ಅಕ್ಷರ, ಅಂಚಿನ ಬೆಳಕು

ಬಾನುಲಿಯಲ್ಲಿ ಬೆಳಕಿನ ವಿಷಯವಾಗಿ ಮಾತನಾಡುವುದು ಸ್ವಲ್ಪ ವಿಚಿತ್ರವಾದ ಕೆಲಸ. ನಾನು ತೋರಿಸಲಾರೆ, ನೀವು ನೋಡಲಾರಿರಿ. ಆದ್ದರಿಂದ ಮೊದಲಿಗೆ ಒಂದು ವಸ್ತುವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಗಾಜಿನಂತೆ ಕಾಣುವ, ಆದರೆ ಗಾಜಲ್ಲದ ಒಂದು ಹಲಗೆ. ಮೊಳದುದ್ದವಿಲ್ಲ, ಗೇಣೆತ್ತರವಿಲ್ಲ. ಒಂದು ಮರದ ಪೀಠದ ಸೀಳಿನಲ್ಲಿ ನಿಂತಿದೆ. ಅದರ ಮೂಲಕ ಹಿಂದಿನ ಗೋಡೆ ನೇರವಾಗಿ ಕಾಣುತ್ತದೆ. ಪೀಠದೊಳಗೆ ಅಡಗಿರುವ ದೀಪವನ್ನು ಹಾಕಿದೊಡನೆ ಹಲಗೆಯ ನಡುವೆ, ಯಾವ ಆಸರೆಯೂ ಇಲ್ಲದೆ, ಅಕ್ಷರಗಳು ಬೆಳ್ಳಗೆ ಎದ್ದು ನಿಲ್ಲುತ್ತವೆ. ದೀಪ ಆರಿಸಿದರೆ ಮತ್ತೆ ಅದೇ ಗೋಡೆ. ದೊಡ್ಡ ಹೋಟೆಲುಗಳಲ್ಲಿ, ಚಿತ್ರಮಂದಿರಗಳಲ್ಲಿ ಹೊರಹೋಗುವ ದಾರಿಯನ್ನು ತೋರಿಸುವ ಹಸಿರು ಫಲಕ ಅನೇಕ ಕಡೆ ಇದೇ ಜಾತಿಯದು. ಇಂಥದೊಂದನ್ನು ಮನೆಯಲ್ಲಿಯೇ, ಕನ್ನಡದಲ್ಲಿ ಮಾಡಲು ಹೊರಟು ನಾನು ಪಟ್ಟ ಪಾಡನ್ನು ಈಗ ಹೇಳಬೇಕೆಂದಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳಿ ನಿವೃತ್ತನಾದವನು. ಊರು ಸಾಗರ. ಗುಡಿಗಾರರು ಶ್ರೀಗಂಧದಲ್ಲಿ ಕೆತ್ತಿ ಹೆಸರು ತಂದುಕೊಟ್ಟ ಊರು. ಅಂಥ ಊರಿನಲ್ಲಿ ಕುಳಿತು 'ನಾನೂ ಯಂತ್ರದಿಂದ ಕೆತ್ತಿಸಿದೆ' ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಬೆಂಗಳೂರಿನಲ್ಲಿರುವ ನನ್ನ ಮಗ ಆಸೆಪಟ್ಟು ಕೊಂಡು, ಬಿಡುವು ಸಾಲದೆ ನಮ್ಮ ಮನೆಗೆ ತಂದು ಬಿಟ್ಟುಹೋದ ಯಂತ್ರ ಅದು. ಜನ ಅದನ್ನು ಸಿಎನ್‌ಸಿ ಎನ್ನುತ್ತಾರೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇದರ ಮೂಲಪುರುಷನನ್ನು ಜನರಿಗೆ ತೋರಿಸಿದಾಗ, ರಂಧ್ರ ಹೊಡೆದ ಪಟ್ಟಿಯೊಂದು ಅದಕ್ಕೆ ಆಜ್ಞೆ ಕೊಡುತ್ತಿತ್ತಂತೆ. ನಾನು ಹುಟ್ಟಿದ್ದೂ ಆ ವರ್ಷವೇ. ನಮ್ಮ ಮನೆಯದು ಅದರ ಮರಿಮಗ. ಹಾಸು 30 ಸೆಂಟಿಮೀಟರು ಉದ್ದ, 18 ಅಗಲ. ಎಡಬಲಕ್ಕೊಂದು, ಹಿಂದುಮುಂದಕ್ಕೊಂದು, ಮೇಲುಕೆಳಗಿಗೊಂದು, ಹೀಗೆ ಮೂರು ತಿರುಪುಗಳು. ಅವು ನಡೆಸಿದ ಕಡೆಗೆ ಹೋಗುವ, ನಿಮಿಷಕ್ಕೆ ಸುಮಾರು ಹತ್ತು ಸಾವಿರ ಸುತ್ತು ತಿರುಗುವ ಒಂದು ಚೂಪು ಉಳಿ. 'ಇಲ್ಲಿಂದ ಅಲ್ಲಿಗೆ ಹೋಗು, ಇಷ್ಟು ಇಳಿ, ಇಷ್ಟು ವೇಗ' ಎಂದು ಗಣಕದಿಂದ ಸಾಲುಸಾಲಾಗಿ ಬರೆದುಕೊಟ್ಟರೆ ಚಾಚೂ ತಪ್ಪದೆ ಮಾಡುತ್ತದೆ. ತಪ್ಪು ಬರೆದುಕೊಟ್ಟರೂ ಚಾಚೂ ತಪ್ಪದೆ ಮಾಡುತ್ತದೆ.

ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಬೀದಿಯ ಮಕ್ಕಳಿಗೆಂದು ಎರಡು ಕಪಾಟು ಪುಸ್ತಕ ಇಟ್ಟಿದ್ದೇನೆ. ದೀಪ ಹೊತ್ತಿದ್ದರೆ ಬರಬಹುದು, ಇಲ್ಲದಿದ್ದರೆ ಮೇಷ್ಟ್ರು ಮನೆಯಲ್ಲಿಲ್ಲ ಎಂದು ತಿಳಿಯುವಂತೆ 'ಪುಸ್ತಕದ ಜಗಲಿ' ಎಂಬ ಒಂದು ಬೆಳಗುವ ಫಲಕವಿದ್ದರೆ ಚೆನ್ನು ಎನ್ನಿಸಿತು.

ಇದರ ಹಿಂದಿನ ತತ್ತ್ವವನ್ನು ನಾನು ವರ್ಷ ವರ್ಷವೂ ಕಪ್ಪುಹಲಗೆಯ ಮೇಲೆ ಬರೆದವನೇ. ಜಿನೀವಾದ ಕೊಲಾಡನ್ ಎಂಬ ವಿಜ್ಞಾನಿ 1842ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದ. ತೊಟ್ಟಿಯ ತೂತಿನಿಂದ ಬಾಗಿ ಬೀಳುವ ನೀರಿನ ಧಾರೆಯೊಳಕ್ಕೆ ಬೆಳಕನ್ನು ಬಿಟ್ಟರೆ, ಬೆಳಕೂ ಧಾರೆಯ ಜೊತೆಯಲ್ಲೇ ಬಾಗಿ ಬೀಳುತ್ತದೆ. ನೀರಿನ ಮೈಗೆ ತೀರ ಓರೆಯಾಗಿ ಬಡಿದ ಬೆಳಕು ಹೊರಗೆ ಹೋಗಲಾರದೆ ಒಳಕ್ಕೇ ತಿರುಗುವುದೇ ಇದಕ್ಕೆ ಕಾರಣ. ಅಕ್ರಿಲಿಕ್ ಹಲಗೆಯಲ್ಲಿ ಆಗುವುದೂ ಇದೇ. ಅದರ ವಕ್ರೀಭವನ ಸೂಚ್ಯಂಕ ಸುಮಾರು 1.49. ಲೆಕ್ಕ ಹಾಕಿದರೆ, ನಯವಾದ ಅಂಚಿನಿಂದ ಒಳಹೊಕ್ಕ ಕಿರಣ ನೇರ ದಾರಿಯಿಂದ 42 ಡಿಗ್ರಿಗಿಂತ ಹೆಚ್ಚು ವಾಲಲಾರದು. ಅದು ಹಲಗೆಯ ಅಗಲವಾದ ಮೈಗೆ ಬಡಿಯುವಾಗ ತಪ್ಪಿಸಿಕೊಳ್ಳಲಾರದಷ್ಟು ಓರೆಯಾಗಿರುತ್ತದೆ. ಒಂದು ಮೈಯಿಂದ ಇನ್ನೊಂದು ಮೈಗೆ ಬಡಿದುಕೊಳ್ಳುತ್ತ ಎದುರು ಅಂಚಿನವರೆಗೆ ಓಡಿಹೋಗುತ್ತದೆ. ನಡುವೆ ಎಲ್ಲಿಯಾದರೂ ಮೈ ಗೀರಿದ್ದರೆ ಮಾತ್ರ ಅಲ್ಲಿ ಚದರಿ ಹೊರಗೆ ಬರುತ್ತದೆ. ಹೊಳೆಯುವುದು ಹಲಗೆಯಲ್ಲ, ಹಲಗೆಗೆ ಆದ ಗಾಯ. ಬೆಳಕಿಗೆ ನಾವು ಕಷ್ಟಪಟ್ಟು ಕೊರೆದ ಅಕ್ಷರವೂ ಒಂದೇ, ಅಪ್ಪಿತಪ್ಪಿ ತಾಗಿದ ಉಗುರಿನ ಗೀರೂ ಒಂದೇ.

ನಮ್ಮೂರಿಗೆ ಹತ್ತಿರವಿರುವ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಯ ಕಟ್ಟುಗಳಿವೆ. ಗರಿಯ ಮೇಲೆ ಕಬ್ಬಿಣದ ಕಂಟದಿಂದ ಬರೆದಾಗ ಅಕ್ಷರ ಸರಿಯಾಗಿ ಕಾಣುವುದಿಲ್ಲ, ಬರೀ ಗೀರು. ಆಮೇಲೆ ಮಸಿ ತಿಕ್ಕಿ ಒರೆಸಿದರೆ ಗೀರಿನೊಳಗೆ ಮಸಿ ಕುಳಿತು ಓಲೆ ಓದಲು ಬರುತ್ತದೆ. ಅಲ್ಲಿ ಮಸಿ ಮಾಡುವುದನ್ನು ಇಲ್ಲಿ ಬೆಳಕು ಮಾಡುತ್ತದೆ ಎಂದು ತೋರಿದಾಗ ನನಗೆ ಬಹಳ ಹುಮ್ಮಸ್ಸು ಬಂದಿತು. ಆ ಹುಮ್ಮಸ್ಸಿನಲ್ಲಿಯೇ ಮೂರು ಹಾಳೆಗಳನ್ನು ಹಾಳುಮಾಡಿದೆ.

ಮೊದಲನೆಯದು ಕರಗಿತು. ಅಕ್ರಿಲಿಕ್ಕಿನಲ್ಲಿ ಎರಡು ಬಗೆ: ಅಚ್ಚಿನಲ್ಲಿ ಎರೆದದ್ದು, ಉರುಳೆಗಳ ನಡುವೆ ಒತ್ತಿ ಎಳೆದದ್ದು. ನೋಡಲು ಅಣ್ಣತಮ್ಮಂದಿರು. ಉಳಿ ತಾಗಿದಾಗ ಎರೆದದ್ದು ಪುಡಿಪುಡಿಯಾಗಿ ಉದುರುತ್ತದೆ. ಎಳೆದದ್ದು ಬಿಸಿಗೆ ಬೇಗ ಮೆತ್ತಗಾಗಿ, ಬೆಲ್ಲದ ಪಾಕದಂತೆ ಉಳಿಗೇ ಅಂಟಿಕೊಳ್ಳುತ್ತದೆ. ನಾನು ಅಗ್ಗವೆಂದು ಎಳೆದದ್ದನ್ನು ತಂದಿದ್ದೆ. ಸಾಲದ್ದಕ್ಕೆ, ನಾಜೂಕಿನ ಕೆಲಸವೆಂದು ಯಂತ್ರವನ್ನು ಮೆಲ್ಲಗೆ ನಡೆಸಿದೆ. ಮೆಲ್ಲಗೆ ನಡೆದರೆ ಉಳಿ ಒಂದೇ ಕಡೆ ಉಜ್ಜಿ ಬಿಸಿ ಹೆಚ್ಚುತ್ತದೆ. ಚುರುಕಾಗಿ ನಡೆದರೆ ಬಿಸಿ ಪುಡಿಯ ಜೊತೆಯಲ್ಲಿ ಹೊರಟುಹೋಗುತ್ತದೆ. ಎರಡನೆಯ ಹಾಳೆ ಅರ್ಧ ಮುಗಿದಾಗ ಮಳೆಗಾಲದ ನಮ್ಮ ವಿದ್ಯುತ್ತು ಹೋಯಿತು. ವಿದ್ಯುತ್ತು ಮರಳಿ ಬಂದಾಗ ಯಂತ್ರಕ್ಕೆ ತಾನು ಎಲ್ಲಿ ನಿಂತಿದ್ದೆನೆಂಬ ನೆನಪೇ ಇರಲಿಲ್ಲ. ಮೂರನೆಯದು ಸರಿಯಾಗಿಯೇ ಮುಗಿಯಿತು. ಕೈಗುರುತು ಹೋಗಲೆಂದು ಸ್ಪಿರಿಟಿನಿಂದ ಒರೆಸಿದೆ. ಗೀರುಗಳ ಸುತ್ತ ಕೂದಲಿನಂಥ ಬಿರುಕುಗಳೆದ್ದವು. ದೀಪ ಹಾಕಿದರೆ ಅಕ್ಷರಕ್ಕಿಂತ ಅವೇ ಚೆನ್ನಾಗಿ ಹೊಳೆದವು. ಸಾಬೂನು ನೀರೇ ಸಾಕಾಗಿತ್ತು. ಇತ್ತ ಪುಡಿಯೆಲ್ಲ ವಿದ್ಯುದಾವೇಶದಿಂದ ಬಟ್ಟೆಬರೆಗೆ ಅಂಟಿಕೊಂಡು, ಮನೆಯಾಕೆಗೆ ಯಂತ್ರದ ಮೇಲೆ ಇದ್ದ ಅಲ್ಪಸ್ವಲ್ಪ ಗೌರವವೂ ಹೋಯಿತು.

ನಾಲ್ಕನೆಯ ಹಾಳೆಯನ್ನು ಪೀಠದಲ್ಲಿ ನಿಲ್ಲಿಸುವ ಮೊದಲು ಮೇಜಿನ ಮೇಲೆ ಮಲಗಿಸಿಟ್ಟಿದ್ದೆ. ಆಗ ನಮ್ಮ ಊರಿನ ಪೇಂಟರು ಬಂದರು. ಅವರ ವಿಷಯ ಸ್ವಲ್ಪ ಹೇಳಬೇಕು. ಫ್ಲೆಕ್ಸ್ ಬರುವ ಮುಂಚೆ ನಮ್ಮ ಪೇಟೆಯ ಅಂಗಡಿಗಳ ಬೋರ್ಡುಗಳಲ್ಲಿ ಬಹುಪಾಲು ಅವರ ಕೈಯವು. ಕಿರಾಣಿ ಅಂಗಡಿಗೆ ಒಂದು ಬಗೆಯ ಅಕ್ಷರ, ಬಂಗಾರದ ಅಂಗಡಿಗೆ ಒಂದು ಬಗೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಯಿತು. ಆಮೇಲೆ ಕೈಗೆ ನಡುಕ ಬಂದಿತು. ಯಾವುದು ಮೊದಲು ಬಂದದ್ದೆಂದು ಅವರು ನಗುತ್ತ ಕೇಳುವುದುಂಟು.

ಫಲಕದ ಮುಂಭಾಗ ನಯವಾಗಿ ಉಳಿಯಲೆಂದು ಹಿಂಭಾಗದಲ್ಲಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೊರೆಯುವುದು ಪದ್ಧತಿ. ನಾನು ಮಾಡಿಸಿದ್ದು ನನಗೇ ಓದಲು ಬರುತ್ತಿರಲಿಲ್ಲ. ಪೇಂಟರು ಒಂದು ಕ್ಷಣದಲ್ಲಿ ಓದಿದರು. ಅಂಗಡಿಗಳ ಗಾಜಿನ ಬಾಗಿಲ ಒಳಗಡೆಯಿಂದ ತಿರುಗುಮುರುಗಾಗಿ ಬರೆದು ಅಭ್ಯಾಸವಾದ ಕಣ್ಣು ಅದು. ಓದಿ ಮುಗಿಸಿ ಹೇಳಿದರು: "ಇದೆಂಥದು ಮೇಷ್ಟ್ರೇ, ಅಕ್ಷರಕ್ಕೆ ಬೇಲಿ ಹಾಕಿದ್ದೀರಲ್ಲ. ಅಕ್ಷರ ಎಲ್ಲಿ?"

ಅವರು ಹೇಳಿದ್ದು ಅಕ್ಷರಶಃ ನಿಜ. ಗಣಕದಲ್ಲಿರುವ ಅಕ್ಷರಮಾಲೆಗಳು ಅಕ್ಷರದ ಹೊರಗೆರೆಯನ್ನು ಮಾತ್ರ ಬಲ್ಲವು. ಮುದ್ರಣಕ್ಕೆ ಅದು ಸಾಕು, ಒಳಗೆ ಮಸಿ ತುಂಬುತ್ತದೆ. ಉಳಿಗೆ ಅದನ್ನು ಕೊಟ್ಟರೆ ಅಕ್ಷರದ ಸುತ್ತ ಪ್ರದಕ್ಷಿಣೆ ಹಾಕಿ ಬರುತ್ತದೆ. ಒಂದೇ ಎಳೆಯ ಅಕ್ಷರಗಳನ್ನು ಹರ್ಷಿ ಎಂಬ ಅಮೆರಿಕದ ವಿಜ್ಞಾನಿಯೊಬ್ಬರು 1967ರಲ್ಲಿಯೇ ಪ್ರಕಟಿಸಿದ್ದರು. ರೋಮನ್ ಇದೆ, ಗ್ರೀಕ್ ಇದೆ, ರಷ್ಯನ್ ಲಿಪಿ ಇದೆ. ಕನ್ನಡವಿಲ್ಲ. ಹಾಗಾದರೆ ಕನ್ನಡದ ಎಳೆಯನ್ನು ಯಾರಾದರೂ ಕೈಯಿಂದ ಬರೆದುಕೊಡಬೇಕು. ನಾನು ಸಂಕೋಚದಿಂದಲೇ ಕೇಳಿದೆ. ಅವರು ಎರಡು ದಿನ ಬರಲಿಲ್ಲ. ಮೂರನೆಯ ದಿನ ಒಂದು ಡ್ರಾಯಿಂಗ್ ಹಾಳೆ ತಂದರು. ಏಳು ಅಕ್ಷರ, ಬ್ರಶ್ಶಿನಲ್ಲಿ ಬರೆದದ್ದು. ಪ್ರತಿಯೊಂದು ಗೆರೆಯೂ ಗರಗಸದ ಹಲ್ಲಿನಂತೆ ನಡುಗಿತ್ತು.

ಇಲ್ಲಿ ನನ್ನ ಒಂದು ದೌರ್ಬಲ್ಯವನ್ನು ಒಪ್ಪಿಕೊಳ್ಳಬೇಕು. ಆ ನಡುಕವನ್ನು ಹಾಗೆಯೇ ಕೊರೆಸಬೇಕೆಂದು ನನಗನ್ನಿಸಿತು. ಸಾಹಿತ್ಯ ಓದಿದವರಿಗೆ ಇಂಥ ಆಸೆಗಳು ಬರುತ್ತವೆ. 'ನಿಮ್ಮ ಕೈಯ ಗುರುತು ಇರಲಿ' ಎಂದೆ. ಪೇಂಟರಿಗೆ ಸಿಟ್ಟು ಬಂದಿತು. "ಓದುವ ಮಗುವಿಗೆ ಅಕ್ಷರ ಬೇಕು ಮಾರಾಯ್ರೆ, ನನ್ನ ಕಾಯಿಲೆ ಬೇಡ. ಸರಿಮಾಡಿ" ಎಂದರು.

ಸರಿಮಾಡುವುದು ಗಣಕಕ್ಕೆ ಒಂದು ಗುಂಡಿ ಒತ್ತುವ ಕೆಲಸ. ಒತ್ತಿದೆ. ಗೆರೆಗಳೆಲ್ಲ ಎಣ್ಣೆ ಸವರಿದಂತೆ ನಯವಾದವು. ನಡುಕದ ಜೊತೆಗೆ ಇನ್ನೇನೋ ಹೊರಟುಹೋಗಿತ್ತು. ತಲೆಕಟ್ಟು ಬಂದು ಅಕ್ಷರದ ಮೈಯನ್ನು ಕೂಡುವಲ್ಲಿ ಅವರು ಕೊಡುತ್ತಿದ್ದ ಒಂದು ಚಿಕ್ಕ ಮುರಿವು, 'ಪು'ವಿನ ಕೊಂಬು ಕೊನೆಗೆ ಥಟ್ಟನೆ ನಿಲ್ಲುತ್ತಿದ್ದ ರೀತಿ, ಇವೂ ಕರಗಿದ್ದವು. ಯಾವುದು ರೋಗ, ಯಾವುದು ರೂಢಿ ಎಂಬುದು ಯಂತ್ರಕ್ಕೆ ತಿಳಿಯದು. ನಿಜ ಹೇಳಬೇಕೆಂದರೆ ನನಗೂ ತಿಳಿಯಲಿಲ್ಲ. ಪೇಂಟರು ನಾಲ್ಕು ಸಂಜೆ ನನ್ನ ಪಕ್ಕದಲ್ಲಿ ಕುಳಿತರು. ಪರದೆಯ ಮೇಲೆ ಒಂದೊಂದೇ ಬಿಂದುವನ್ನು ನಾನು ಹಿಡಿದು ತೋರಿಸುವುದು, ಅವರು ಹೇಳುವುದು: "ಇದು ನಡುಕ, ತೆಗೆಯಿರಿ. ಇದು ನನ್ನದು, ಬಿಡಿ. ಇದೂ ನಡುಕ. ಇದು... ಇರಲಿ, ನೋಡುವ." ಕೆಲವು ಬಿಂದುಗಳ ಮುಂದೆ ಅವರು ಬಹಳ ಹೊತ್ತು ಸುಮ್ಮನಿದ್ದರು. ಅಂಥ ಕಡೆ ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡುತ್ತಿದ್ದರು. ಗಾಳಿಯಲ್ಲಿ ಬೆರಳು ಅಷ್ಟಾಗಿ ನಡುಗುತ್ತಿರಲಿಲ್ಲ. ಗೆರೆಯ ನಡುವೆ ಬ್ರಶ್ಶು ನಿಂತರೆ ಅಕ್ಷರ ಕೆಟ್ಟಿತು ಎಂದು ಒಮ್ಮೆ ಹೇಳಿದರು. ನಾನು ನನ್ನ ಮೊದಲನೆಯ ಹಾಳೆ ಕರಗಿದ ಕಥೆ ಹೇಳಿದೆ. "ನೋಡಿ, ಅದಕ್ಕೂ ಗೊತ್ತಿದೆ" ಎಂದು ಯಂತ್ರದ ಕಡೆ ಮೊದಲ ಸಲ ಸ್ವಲ್ಪ ಸ್ನೇಹದಿಂದ ನೋಡಿದರು.

ಉಳಿದ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಐದು ಮಿಲಿಮೀಟರು ದಪ್ಪದ ಎರೆದ ಹಾಳೆ. ತುದಿ 90 ಡಿಗ್ರಿಗೆ ಮಸೆದ ಉಳಿ; ಇದರಲ್ಲಿ ಆಳದ ಎರಡರಷ್ಟು ಅಗಲದ ಗೆರೆ ಬೀಳುತ್ತದೆ. ಆದ್ದರಿಂದ ಹಾಸು ಒಂದು ಕಡೆ ಸ್ವಲ್ಪ ತಗ್ಗಿದ್ದರೂ ಆ ಕಡೆಯ ಅಕ್ಷರಗಳು ಬಡವಾಗುತ್ತವೆ. ಕೆಳಗಿನ ಅಂಚನ್ನು ಉಪ್ಪುಕಾಗದದಿಂದ, ಒರಟಿನಿಂದ ನಯದ ಕಡೆಗೆ, ನೀರು ಹಾಕಿಕೊಂಡು ಉಜ್ಜಬೇಕು. ಬೆಳಕಿನ ಹೆಬ್ಬಾಗಿಲು ಅದೇ. ಪೀಠದ ಸೀಳಿನಲ್ಲಿ 12 ವೋಲ್ಟಿನ ಎಲ್‌ಇಡಿ ಪಟ್ಟಿ.

ದೀಪ ಹಾಕಿ ನೋಡಿದಾಗ ಇನ್ನೊಂದು ಪಾಠವಾಯಿತು. ಬೆಳಕು ಕೆಳಗಿನಿಂದ ಬರುವುದು. 'ಸ್ತ'ದ ಒತ್ತಕ್ಷರ ಎಲ್ಲಕ್ಕಿಂತ ಕೆಳಗಿದೆ. ಮೊದಲ ಪಂಕ್ತಿಯಲ್ಲಿ ಕುಳಿತವರಂತೆ ಬೆಳಕನ್ನೆಲ್ಲ ಅದೇ ಉಂಡಿತು. ತಲೆಕಟ್ಟುಗಳು ಮಂಕಾದವು. ರೋಮನ್ ಲಿಪಿಯವರಿಗೆ ಇಷ್ಟು ತೊಂದರೆಯಿಲ್ಲ. ಅಂತಸ್ತಿನ ಮೇಲೆ ಅಂತಸ್ತು ಕಟ್ಟುವ ನಮ್ಮ ಲಿಪಿಗೆ ಇದೆ. ಕೆಳಗಿನ ಗೆರೆಗಳನ್ನು ತೆಳುವಾಗಿ, ಮೇಲಿನವನ್ನು ಆಳವಾಗಿ, 0.2ರಿಂದ 0.5 ಮಿಲಿಮೀಟರಿನವರೆಗೆ ಏರಿಸುತ್ತ ಹೋಗಿ ಇನ್ನೊಂದು ಹಾಳೆಯನ್ನು ಕೊರೆಸಿದೆ. ಆಗ ಸಾಲು ಸಮನಾಗಿ ಬೆಳಗಿತು.

ಬೋರ್ಡುಗಳ ಮೂಲೆಯಲ್ಲಿ ಪೇಂಟರು ತಮ್ಮ ಹೆಸರನ್ನು ಚಿಕ್ಕದಾಗಿ ಬರೆಯುತ್ತಿದ್ದುದುಂಟು. ಇದರಲ್ಲಿಯೂ ಹಾಕಿಸೋಣವೆಂದೆ. ಬೇಡವೆಂದರು. "ಹಗಲು ಏನು ಕಾಣುತ್ತದೆ ಹೇಳಿ" ಎಂದು ತಿರುಗಿ ಕೇಳಿದರು. ಹಗಲು ಏನೂ ಕಾಣುತ್ತಿರಲಿಲ್ಲ. ಸುಣ್ಣದ ಗೋಡೆಯ ಮುಂದೆ ಬಿಳಿಯ ಗೀರು. ಗೀರಿಗೆ ಕಪ್ಪು ಬಣ್ಣ ತುಂಬಿದರೆ ಹೇಗೆ ಎಂದು ಕೇಳಿದರು, ತಾಳೆಗರಿಯವರ ಉಪಾಯವೇ. ಕಪ್ಪು ಬೆಳಕನ್ನು ನುಂಗಿಬಿಡುತ್ತದೆ ಎಂದೆ. ಹಾಗಾದರೆ ಕಪ್ಪನ್ನು ಹಿಂದೆ ಇಡಿ ಎಂದರು. ಫಲಕದ ಹಿಂದೆ, ಅದಕ್ಕೆ ತಾಗದಂತೆ, ಒಂದು ಕಪ್ಪು ಹಲಗೆ. ಬಡಗಿಯಿಂದ ಹಲಗೆ ತರಿಸಿದೆ. ಬಣ್ಣ ಬಳಿದವರು ಅವರೇ. ನಾಲ್ಕಂಗುಲದ ಬ್ರಶ್ಶು, ಅಗಲದ ಬಳಿತಕ್ಕೆ ನಡುಕ ಅಡ್ಡಿಯಾಗಲಿಲ್ಲ. ಎರಡು ಕೈ ಹೊಡೆದರು. ಮಳೆಗಾಲವಾದ್ದರಿಂದ ಒಣಗಲು ಮೂರು ದಿನ ಹಿಡಿಯಿತು. ಮೂರು ದಿನವೂ ಬಂದು ಅಂಚನ್ನು ಮುಟ್ಟಿ ನೋಡಿ ಹೋದರು.

ಈಗ ದಿನವೂ ಸಂಜೆ ಆರಕ್ಕೆ ದೀಪ ಹಾಕುತ್ತೇನೆ. ಪೇಂಟರು ಆ ದಾರಿಯಲ್ಲಿ ಬಂದಾಗ ಒಳಗೆ ಬರುವುದು ಕಡಿಮೆ, ರಸ್ತೆಯಲ್ಲೇ ನಿಂತು ನೋಡುತ್ತಾರೆ. ಮೊನ್ನೆ ಕರೆದು ಕೇಳಿದೆ, ಹೇಗಿದೆ ಎಂದು. 'ಲಿ'ಯ ಗುಡಿಸು ಒಂದು ಕೂದಲೆಳೆ ಎಡಕ್ಕೆ ಬರಬೇಕಿತ್ತು ಎಂದರು. ಇನ್ನೊಂದು ಹಾಳೆ ತರಿಸಿದ್ದೇನೆ.