‘ನಾಳೆ’ ಎಂಬ ಚಿತ್ರವೂ ನಮ್ಮ ಹಳ್ಳವೂ
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತು)



ಸಿರಿಲ್ ದಿಯೋಂ ಮತ್ತು ಮೆಲಾನಿ ಲೊರಾಂ ತೆಗೆದ ಫ್ರೆಂಚ್ ಸಾಕ್ಷ್ಯಚಿತ್ರವೊಂದು 2015ರಲ್ಲಿ ಬಂತು. ಹೆಸರಿನ ಅರ್ಥ ‘ನಾಳೆ’. ಪರಿಸರ ಹಾಳಾಯಿತೆಂದು ಅಳುವುದಿಲ್ಲ ಅದು. ಸರಿಪಡಿಸಿಕೊಂಡ ಊರುಗಳನ್ನು ತೋರಿಸುತ್ತದೆ. ಗ್ರಾಮಸಭೆಯಿಂದಲೇ ಊರನ್ನು ಕಟ್ಟಿಕೊಂಡ ಚೆನ್ನೈ ಬಳಿಯ ಕುತ್ತಂಬಾಕ್ಕಂ ಕೂಡ ಅದರಲ್ಲಿದೆ.

ನಮ್ಮಲ್ಲೂ ಉಂಟು. ಜನ ಹೋರಾಡಿದರು, ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು, 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಂತಿತು. ಭದ್ರೆಗೆ ಉಪಕಾರವಾಯಿತು.

ಆದರೆ ನಮ್ಮ ಪಲ್ಪರ್ ನೀರು ಹಳ್ಳ ಸೇರದಂತೆ ತಡೆಯೋಕೆ ಯಾವ ಕೋರ್ಟು ಬೇಕು? ಕಾಫಿ ತೊಳೆದ ನೀರು ಹುಳಿತರೆ ಮೀನಿಗೆ ಉಸಿರಿಲ್ಲ, ಕೆಳಗಿನ ಊರಿಗೆ ಕುಡಿಯೋ ನೀರಿಲ್ಲ. ಸಣ್ಣ ಬೆಳೆಗಾರರಿಗೆ ಒಬ್ಬೊಬ್ಬರೇ ಹೊಂಡ ತೆಗೆಸೋದು ಭಾರ. ಗೊಬ್ಬರಕ್ಕೆ ಸಾಲ ಕೊಡುವ ಸಂಘ ಹೊಂಡಕ್ಕೂ ಕೊಡಲಿ. ಬರುವ ಮಹಾಸಭೆಯಲ್ಲೇ ತೀರ್ಮಾನಿಸೋಣ.